ಆಮೆನ್ ಬೀಳದ ಶನಿವಾರಗಳು

೧೯೮೭ನೇ ಇಸವಿ ನವೆಂಬರ್ ೧೪, ಶನಿವಾರ, ಬೆಳಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ನಮ್ಮ ಊರಿನ ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಆಮೆನ್ ಬೀಳಲಿಲ್ಲ. ಸಮಯವನ್ನು ಇಷ್ಟು ನಿಖರವಾಗಿ ಹೇಳುತ್ತಿರುವುದು ನಾನು ಅಲ್ಲಿದ್ದೆ ಎಂದಲ್ಲ. ಹತ್ತು ಗಂಟೆಗೆ ಸರಿಯಾಗಿ ಅಕ್ಕಸಾಲಿಗರ ಸಂಘದ ಕಾರ್ಯದರ್ಶಿ ನನ್ನ ಮನೆಯ ಬಾಗಿಲು ಬಡಿದು, ಕಳೆದ ಇಪ್ಪತ್ತು ನಿಮಿಷದಿಂದ ಊರು ಹಾಳಾಗಿದೆ ಎಂದು ವರದಿ ಒಪ್ಪಿಸಿದರು.

ಬೇರೆ ಊರುಗಳಲ್ಲಿ ಆಮೆನ್ ಬಾಯಿಂದ ಹೊರಟು ಗಾಳಿಯಲ್ಲಿ ಕರಗಿಹೋಗುತ್ತದೆಯಂತೆ. ನಮ್ಮಲ್ಲಿ ಬೀಳುತ್ತದೆ. ಹುಣಸೆ ಬೀಜದಷ್ಟು ಗಾತ್ರ, ಹಳೆಯ ದಂತದ ಬಣ್ಣ, ನೆಲಕ್ಕೆ ತಾಗಿದಾಗ ಗೋಲಿಯ ಸದ್ದು. ಒಂದೊಂದೂ ನಾಲ್ಕು ಗ್ರಾಂ ನೂರು ಮಿಲಿಗ್ರಾಂ, ಒಂದಕ್ಕೂ ಇನ್ನೊಂದಕ್ಕೂ ತೂಕದಲ್ಲಿ ಕೂದಲಷ್ಟೂ ವ್ಯತ್ಯಾಸವಿಲ್ಲ. ಹಾಗಾಗಿ ಅಕ್ಕಸಾಲಿಗರು ಚಿನ್ನವನ್ನೂ ಕಿರಾಣಿಯವರು ಕೇಸರಿಯನ್ನೂ ಆಮೆನ್ ಇಟ್ಟೇ ತೂಗುತ್ತಾರೆ. "ಮೂರು ಆಮೆನ್ ಯಾಲಕ್ಕಿ ಕೊಡ್ರಿ" ಎನ್ನುವ ಗಿರಾಕಿಗೆ ತನ್ನ ಬಾಯಲ್ಲಿ ಹೀಬ್ರೂ ಇದೆ ಎಂದು ಗೊತ್ತಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಈವರೆಗೆ ಬಿದ್ದಿಲ್ಲ. ಇಂಥ ಊರಿಗೆ ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರ್ ನಾನು. ಭೌತಶಾಸ್ತ್ರದಲ್ಲಿ ಪದವಿ ಪಡೆದು, ಸರ್ಕಾರದ ಮೊಹರು ಹೊತ್ತು ಬಂದವನು. ನಾನು ಮೊಹರು ಒತ್ತಿದ ಹಿತ್ತಾಳೆಯ ತೂಕದ ಬಟ್ಟುಗಳನ್ನು ಅಂಗಡಿಯವರು ಬಹಳ ಗೌರವದಿಂದ, ಗಾಳಿಗೆ ಬಾಗಿಲು ಬಡಿಯದಂತೆ ಅಡ್ಡ ಇಡಲು ಬಳಸುತ್ತಿದ್ದರು. ಒಂದೇ ತೊಡಕೆಂದರೆ, ವರ್ಷ ತುಂಬಿದೊಡನೆ ಪ್ರತಿಯೊಂದು ಆಮೆನ್ನೂ ಹೇಳದೆ ಕೇಳದೆ ಮಾಯವಾಗುತ್ತದೆ. ಆದ್ದರಿಂದ ಹೊಸದು ಬೀಳುತ್ತಲೇ ಇರಬೇಕು.

ಬೀಳುವುದಕ್ಕೂ ಒಂದು ಶಿಸ್ತಿದೆ. ಒಬ್ಬರು ದೇವರನ್ನು ಹೊಗಳಿ ಒಂದು ಮಾತು ಹೇಳಬೇಕು. ಅದನ್ನು ಕಿವಿಗೊಟ್ಟು ಕೇಳಿದವರು, ಅದು ನಿಜ, ಹಾಗೇ ಆಗಲಿ ಎಂಬ ಅರ್ಥದಲ್ಲಿ ಆಮೆನ್ ಎನ್ನಬೇಕು. ಏನನ್ನೂ ಕೇಳಿಸಿಕೊಳ್ಳದೆ, ಪಕ್ಕದವರು ಎಂದರಲ್ಲ ಎಂದು ತಾವೂ ಎಂದರೆ ಅದನ್ನು ಅವರ ಹಿರಿಯರು ಅನಾಥ ಆಮೆನ್ ಎಂದು ಕರೆದಿದ್ದಾರೆ. ಅನಾಥ ಆಮೆನ್ ಬೀಳುವುದಿಲ್ಲ. ಸಭೆಯಲ್ಲಿ ಹತ್ತು ಮಂದಿ ವಯಸ್ಕರೂ ಇರಬೇಕು. ಒಂಬತ್ತಾದರೆ ಎಷ್ಟು ಭಕ್ತಿಯಿಂದ ಎಂದರೂ ನೆಲ ಖಾಲಿ. ಹತ್ತು ಮಂದಿ ಎಂದರೆ ಹತ್ತು ಗಂಡಸರು ಎಂದು ಮುಕದಮ್ ಬನ್ನಾಜಿಯವರು ಒತ್ತಿ ಹೇಳುತ್ತಿದ್ದರು. ಮುಕದಮ್ ಎಂದರೆ ಆ ಸಮಾಜದ ಹಿರಿಯ. ಒತ್ತಿ ಹೇಳುವುದು ಅವರ ಮುಖ್ಯ ಕೆಲಸ.

ಆ ವಾರದ ಬುಧವಾರ ಹಸಾಜಿ ತೀರಿಕೊಂಡಿದ್ದರು. ಛತ್ರಿ ರಿಪೇರಿ ಮಾಡುತ್ತಿದ್ದ, ಬೇಸಿಗೆಯಲ್ಲೂ ಒಂದು ಛತ್ರಿ ಬಗಲಲ್ಲಿಟ್ಟುಕೊಂಡೇ ಓಡಾಡುತ್ತಿದ್ದ ಸಾಧು ಮನುಷ್ಯ. ಅವರ ಸಮಾಜದ ಬಹಳಷ್ಟು ಜನ ಹಡಗು ಹತ್ತಿ ಪೂರ್ವಜರ ದೇಶಕ್ಕೆ ಹೋದ ಮೇಲೆ, ಊರಿನಲ್ಲಿ ಉಳಿದ ಗಂಡಸರಲ್ಲಿ ಹಸಾಜಿಯೇ ಹತ್ತನೆಯವರು ಎಂದು ಎಲ್ಲರ ನಂಬಿಕೆ. ಅವರ ಹೆಂಡತಿ ಮಿಲ್ಕಾಬಾಯಿಗೆ ಬೇಕಾಗಿದ್ದದ್ದು ಒಂದೇ, ಗಂಡನಿಗಾಗಿ ಕದ್ದೀಶ್. ಸತ್ತವರಿಗಾಗಿ ಉಳಿದವರು ಹೇಳುವ ಆ ಪ್ರಾರ್ಥನೆಯ ಬಹುಪಾಲು ಹೀಬ್ರೂ ಅಲ್ಲ, ಅದರ ಸೋದರ ಭಾಷೆಯಾದ ಅರಮಾಯಿಕ್. ಅದು ಬೀಳುವುದಿಲ್ಲ. ನಡುವೆ ಐದು ಕಡೆ ಸಭೆ ಆಮೆನ್ ಎನ್ನುತ್ತದೆ, ಬೀಳುವುದು ಅಷ್ಟೇ. ಆ ಆಮೆನ್‌ಗಳನ್ನು ಅಕ್ಕಸಾಲಿಗರಿಗೆ ಕೊಡುವುದಿಲ್ಲ. ಮೂವತ್ತನೆಯ ದಿನ ಒಯ್ದು ಗೋರಿಯ ಮೇಲೆ ಇಡುತ್ತಾರೆ. ಇಡದೆ ಬಿಟ್ಟದ್ದನ್ನು ಬರಿಗೋರಿ ಎನ್ನುತ್ತಾರೆ. ಊರಿನಲ್ಲಿ ಅಂಥದ್ದು ಅಲ್ಲಿಯವರೆಗೆ ಒಂದೂ ಇರಲಿಲ್ಲ. ಈಗ ಕದ್ದೀಶ್‌ಗೆ ಹತ್ತು ಮಂದಿ ಬೇಕು, ಹತ್ತನೆಯವರು ಹಸಾಜಿ, ಎಂದರೆ ಹಸಾಜಿಯ ಕದ್ದೀಶ್‌ಗೆ ಹಸಾಜಿಯೇ ಎದ್ದು ಬರಬೇಕಿತ್ತು. ಬದುಕಿದ್ದಾಗ ಯಾರು ಕರೆದರೂ ಇಲ್ಲವೆನ್ನದೆ ಬರುತ್ತಿದ್ದ ಮನುಷ್ಯ, ಈ ಸಲ ಮಾತ್ರ ಒಪ್ಪಲಿಲ್ಲ.

ಊರು ಸುಮ್ಮನೆ ಕೂರಲಿಲ್ಲ. ಪುರಸಭೆ ತುರ್ತಾಗಿ ಸೇರಿ, ಸದರಿ ಪ್ರಾರ್ಥನೆಯ ಮಟ್ಟಿಗೆ ಮಾನ್ಯ ಅಧ್ಯಕ್ಷರನ್ನೇ ಹತ್ತನೆಯವರೆಂದು ಪರಿಗಣಿಸತಕ್ಕದ್ದು ಎಂದು ಸರ್ವಾನುಮತದ ಠರಾವು ಮಾಡಿತು. ಅಧ್ಯಕ್ಷರು ಮಖಮಲ್ಲಿನ ಟೋಪಿ ಹೊಲಿಸಿಕೊಂಡು, ಫೋಟೋಗ್ರಾಫರನನ್ನು ಕರೆದುಕೊಂಡು ಮಂಗಳವಾರ ಮಂದಿರಕ್ಕೆ ಬಂದರು. ಇಡೀ ಓಣಿಗೆ ಕೇಳುವಂತೆ ಆಮೆನ್ ಎಂದರು. ಏನೂ ಬೀಳಲಿಲ್ಲ. ಕತ್ತನ್ನು ಹಿಂದಕ್ಕೆ ಚೆಲ್ಲಿ ಇನ್ನೊಮ್ಮೆ ಎಂದರು. ಟೋಪಿ ಬಿತ್ತು. ಬುಧವಾರದ ಪತ್ರಿಕೆಯಲ್ಲಿ ಸರ್ವಧರ್ಮ ಸಮನ್ವಯಕ್ಕೆ ಅಧ್ಯಕ್ಷರ ಕೊಡುಗೆಯ ಚಿತ್ರ ಪ್ರಕಟವಾಯಿತು, ಗುರುವಾರ ತಜ್ಞರ ತನಿಖೆಯಾಗಲಿ ಎಂದು ನನಗೆ ಹುಕುಂ ಬಂತು. ನಮ್ಮ ಊರಿನಲ್ಲಿ ತಜ್ಞ ಎಂದರೆ ಅಧ್ಯಕ್ಷರು ಸೋತ ಮೇಲೆ ಕರೆಸುವ ಮನುಷ್ಯ.

ಶನಿವಾರ ಹೋಗಿ ಚಪ್ಪಲಿಗಳ ಪಕ್ಕದ ಬೆಂಚಿನಲ್ಲಿ ಕೂತೆ. ಮೇಲೆ, ಮರದ ಜಾಲರಿಯ ಹಿಂದೆ, ಹೆಂಗಸರ ಮಹಡಿ. ಅಲ್ಲಿಗೆ ವಾರ ತಪ್ಪದೆ ಬರುವವರು ಮಿಲ್ಕಾಬಾಯಿ ಒಬ್ಬರೇ. ಹಿಂದಿನ ಶನಿವಾರ ಸೂತಕದ ಏಳು ದಿನ ಮುಗಿದಿರಲಿಲ್ಲವಾದ್ದರಿಂದ ಬಂದಿರಲಿಲ್ಲ. ಇಂದು ಬಂದು ಕೂತಿದ್ದರು. ಕೆಳಗೆ ಪ್ರಾರ್ಥನೆ ನಡೆಸುವ ಎಲ್ಲೋಜಿ, ಬನ್ನಾಜಿ, ಮತ್ತೆ ಕೆಲವರು. ಎಲ್ಲೋಜಿಯೇ ಅಲ್ಲಿನ ಪುರೋಹಿತ, ಕಾವಲುಗಾರ, ಕಸ ಗುಡಿಸುವವನು. ಆಮೆನ್ ಕಸವಲ್ಲವಾದರೂ ಗುಡಿಸಬೇಕಾಗುತ್ತದೆ. ಶನಿವಾರ ಏನನ್ನೂ ಎತ್ತುವಂತಿಲ್ಲ, ಸಂಜೆ ಮೂರು ನಕ್ಷತ್ರ ಕಂಡ ಮೇಲೆ ಆತ ಪೊರಕೆ ಹಿಡಿಯುತ್ತಾನೆ.

ಮೊದಲು ಎಷ್ಟು ಜನರಿದ್ದಾರೆ ಎಂದು ನೋಡೋಣವೆಂದು ನಾನು ಬೆರಳು ಚಾಚಿ, "ಒಂದು, ಎರಡು" ಎಂದೆ.

"ಏ ಏ ಏ! ಸಾಹೇಬ್ರ!" ಬನ್ನಾಜಿ ಎದ್ದುನಿಂತರು. "ಮನಷ್ಯಾರನ್ನ ಎಣಸ್ತಾರೇನ್ರೀ? ನಾವೇನ್ ಕುರಿ ಮಂದೀನಾ?"

"ಎಣಿಸದಿದ್ದರೆ ಹತ್ತು ಮಂದಿ ಇದ್ದೀರೆಂದು ಹೇಗೆ ತಿಳಿಯುತ್ತದೆ?"

"ಎಲ್ಲೋಜಿಗೆ ತಿಳೀತದ. ತೋರ್ಸಪಾ ಎಲ್ಲೋಜಿ, ಕಲ್ತ ಮನಷ್ಯಾರು ಬಂದಾರ, ನೋಡ್ಲಿ."

ಜನರನ್ನು ಸಂಖ್ಯೆಯಿಂದ ಎಣಿಸಬಾರದೆಂಬುದು ಅವರ ಹಳೆಯ ಪದ್ಧತಿ. ಬದಲಿಗೆ, ನಿನ್ನ ಜನರನ್ನು ಕಾಪಾಡು ಎಂದು ಶುರುವಾಗುವ ಒಂದು ಹೀಬ್ರೂ ಸ್ತುತಿಯಿದೆ. ಅದರಲ್ಲಿ ಸರಿಯಾಗಿ ಹತ್ತು ಪದ. ಒಬ್ಬೊಬ್ಬರಿಗೆ ಒಂದೊಂದು ಪದ ಹೇಳುತ್ತ ಹೋಗಿ, ಸ್ತುತಿ ಮುಗಿದರೆ ಸಭೆ ತುಂಬಿತು. ಎಲ್ಲೋಜಿ ಕಣ್ಣು ಅರೆಮುಚ್ಚಿ, "ಹೊಶಿಯಾ" ಎನ್ನುತ್ತ ಮೊದಲ ಪದಕ್ಕೆ ತನ್ನ ಎದೆ ಮುಟ್ಟಿಕೊಂಡ. ಆಮೇಲೆ ಒಬ್ಬೊಬ್ಬರ ಕಡೆ ಕೈಮಾಡುತ್ತ ಸುತ್ತು ಬಂದ. ಒಂಬತ್ತನೆಯ ಪದಕ್ಕೆ ಕೈ ಹಸಾಜಿಯ ಖಾಲಿ ಜಾಗದ ಕಡೆ ಹೋಗಿ ನಿಂತಿತು. "ಇಲ್ಲೇ ನೋಡ್ರಿ ಕಡಿಮಿ ಬೀಳ್ತದ" ಎಂದು ನಿಟ್ಟುಸಿರುಬಿಟ್ಟು, ಉಳಿದ ಹತ್ತನೆಯ ಪದವನ್ನು ಹೇಳಿ ಭಕ್ತಿಯಿಂದ ಮತ್ತೆ ತನ್ನ ಎದೆ ಮುಟ್ಟಿಕೊಂಡ.

ನಾನು ವಿಜ್ಞಾನದ ವಿದ್ಯಾರ್ಥಿ. ಒಂದು ಪ್ರಯೋಗವನ್ನು ಎರಡು ಸಲ ನೋಡದೆ ನಂಬುವುದಿಲ್ಲ. ಇನ್ನೊಮ್ಮೆ ಮಾಡಿಸಿದೆ. ಮತ್ತೆ ಮೊದಲ ಪದಕ್ಕೆ ಎದೆ, ಕೊನೆಯ ಪದಕ್ಕೆ ಎದೆ.

"ಎಲ್ಲೋಜಿಯವರೇ, ನಿಮ್ಮನ್ನು ನೀವು ಎರಡು ಸಲ ಲೆಕ್ಕಕ್ಕೆ ಹಿಡಿಯುತ್ತಿದ್ದೀರಿ."

"ಹೌದ್ರೀ. ಮೊದಲಿಂದು ನಂದು. ಕಡೀದು ದೇವರಿಗೆ ನಮಸ್ಕಾರ."

"ನಮಸ್ಕಾರಕ್ಕೂ ಒಂದು ಪದ ಖರ್ಚಾಯಿತಲ್ಲ. ಹಾಗಾದರೆ ಹಸಾಜಿ ಇದ್ದಾಗಲೂ ನೀವು ಹತ್ತು ಇರಲಿಲ್ಲ. ಒಂಬತ್ತು. ಈಗ ಎಂಟು."

ಎಲ್ಲೋಜಿ ತನ್ನ ಬಲಗೈಯನ್ನು, ಅದು ಬೇರೆಯವರದೇನೋ ಎಂಬಂತೆ ನೋಡಿಕೊಂಡ. "ಮೂವತ್ತು ವರ್ಷದಿಂದ ನನ್ನನ್ನ ನಾನ ಎರಡ ಮಂದಿ ಅಂತ ಹಿಡದೀನಾ?"

"ನಿನ್ನ ಹೊಟ್ಟಿ ನೋಡಿದ್ರ ಅದರಾಗ ದೊಡ್ಡ ತಪ್ಪೇನಿಲ್ಲ ಬಿಡು" ಎಂದರು ಬನ್ನಾಜಿ. ಆದರೆ ಅವರ ಮುಖದಲ್ಲಿ ನಗುವಿರಲಿಲ್ಲ. ನನ್ನ ಕಡೆ ತಿರುಗಿದರು. "ಸಾಹೇಬ್ರ, ನಿಮ್ಮ ಲೆಕ್ಕ ತಪ್ಪು. ಒಂಬತ್ತ ಮಂದಿ ಇದ್ರ ಇಷ್ಟ ವರ್ಷ ಆಮೆನ್ ಹೆಂಗ ಬಿತ್ತು? ಹತ್ತನೇದಾವ ಯಾರು? ಗೋಡಿನಾ?"

ಮೇಲಿನ ಜಾಲರಿಯ ಹಿಂದಿನಿಂದ ಮಿಲ್ಕಾಬಾಯಿ ಗಂಟಲು ಸರಿಮಾಡಿಕೊಂಡರು.

"ಮುಕದಮ್‌ರ, ಹೋದ ವರ್ಷ ನಂಗ ಟೈಫಾಯ್ಡ್ ಆಗಿ ಮೂರು ಶನಿವಾರ ಬರ್ಲಿಲ್ಲ. ನೆನಪದ ಏನು?"

"ಅದಕ್ಕೂ ಇದಕ್ಕೂ ಏನು?"

"ಆ ಮೂರೂ ಶನಿವಾರ ಆಮೆನ್ ಬೀಳ್ಲಿಲ್ಲ. ಮನೀಗೆ ಬಂದು ಇವ್ರು ಹೇಳಿದ್ರು. ನೀವೆಲ್ಲಾ ಕೂಡಿ ಹವಾ ಸರಿ ಇಲ್ಲ, ಗಾಳ್ಯಾಗ ಪಸಿ ಭಾಳ ಅದ ಅಂದ್ರಂತ."

"ಪಸಿ ಇತ್ತು. ಪುರಸಭೆಯವ್ರೂ ಅದನ್ನ ಅಂದಾರ."

"ಹಂಗಾರ ಇನ್ ಮುಂದ ನಿಮ್ಮ ಹವಾ ಅಂದ್ರ ನಾನ ಅಂತ ತಿಳೀರಿ."

ಯಾರೋ ಒಬ್ಬರು ಕಿಸಕ್ಕೆಂದು ನಕ್ಕು, ಮುಕದಮರ ಮುಖ ನೋಡಿ ಅದನ್ನು ಕೆಮ್ಮು ಮಾಡಿಕೊಂಡರು. ಬನ್ನಾಜಿ ಕೂತರು. ಹೆಂಗಸರನ್ನು ಲೆಕ್ಕಕ್ಕೆ ಹಿಡಿಯುವ ಪದ್ಧತಿಯಿಲ್ಲ, ಅಜ್ಜನ ಕಾಲದಿಂದಲೂ ಇಲ್ಲ, ಅಜ್ಜನ ಅಜ್ಜನ ಕಾಲದಲ್ಲಂತೂ ಇಲ್ಲವೇ ಇಲ್ಲ ಎಂದು ಒತ್ತಿ ಹೇಳಿದರು. ಕಾಕತಾಳೀಯ ಎಂಬ ಪದವನ್ನೂ ಬಳಸಿದರು. ಅದು ಒಳ್ಳೆಯ ಪದ, ನನ್ನ ಇಲಾಖೆಯಲ್ಲೂ ಬಹಳ ಬಳಕೆಯಲ್ಲಿದೆ.

"ಪದ್ಧತಿ ಮುರೀರಿ ಅಂತ ನಾ ಅನ್ನೂದಿಲ್ಲ" ಎಂದಿತು ಮೇಲಿನ ದನಿ. "ಮ್ಯಾಲ ಯಾರು ಕುಂತಾರ ಅಂತ ನೀವು ನೋಡಬ್ಯಾಡ್ರಿ. ಇಷ್ಟ ವರ್ಷ ನೋಡಿಲ್ಲ, ಇನ್ನೊಂದ ದಿನ ನೋಡಬ್ಯಾಡ್ರಿ. ಮೂವತ್ತನೇ ದಿನ ಅವ್ರ ಗೋರಿ ಬರೇ ಇರಬಾರ್ದು. ಅಷ್ಟ."

ಬನ್ನಾಜಿ ಟೋಪಿ ತೆಗೆದು ತಲೆ ಕೆರೆದುಕೊಂಡರು. ಹಸಾಜಿ ಅವರ ಬಾಲ್ಯದ ಗೆಳೆಯ. ಕಡೆಗೆ, "ಮ್ಯಾಲ ನೋಡಬೇಕು ಅಂತ ಶಾಸ್ತ್ರದಾಗ ಎಲ್ಲೂ ಹೇಳಿಲ್ಲ" ಎಂದರು. ಒಬ್ಬ ಮುಕದಮ್ ಒಂದು ಶನಿವಾರಕ್ಕೆ ಅದಕ್ಕಿಂತ ದೂರ ನಡೆಯಲಾರ.

ಆದರೆ ಎಲ್ಲೋಜಿಗೆ ಈಗ ಎಣಿಸುವ ಚಟ ಹತ್ತಿತ್ತು. "ಬಾಯಾರನ್ನ ಹಿಡಿದ್ರೂ ಒಂಬತ್ತ ಆಗ್ತದಲ್ರೀ. ಇನ್ನೊಬ್ರು ಬೇಕಲ್ಲ." ಒಬ್ಬರನ್ನು ಬಿಟ್ಟರೆ ಅಲ್ಲಿದ್ದ ಗಂಡಸರಲ್ಲಿ ಕೆಲವರು ವಿಧುರರು, ಉಳಿದವರು ಅರವತ್ತು ದಾಟಿದರೂ ಮದುವೆಯ ಬಗ್ಗೆ ಇನ್ನೂ ಯೋಚಿಸುತ್ತಿರುವವರು. ಆ ಸಮಾಜದಲ್ಲಿ ಉಳಿದಿದ್ದ ಇನ್ನೊಬ್ಬ ಹೆಂಗಸು ಒಬ್ಬರೇ. ಎಲ್ಲರೂ ಮೆಲ್ಲಗೆ ಬನ್ನಾಜಿಯವರ ಕಡೆ ನೋಡಿದರು. ಬನ್ನಾಜಿ ಬಾಗಿಲಿನ ಕಡೆ ನೋಡಿದರು.

ಅವರ ಹೆಂಡತಿ ರಿಬ್ಕಾಬಾಯಿ ಮಂದಿರಕ್ಕೆ ಕಾಲಿಟ್ಟು ಇಪ್ಪತ್ತು ವರ್ಷದ ಮೇಲಾಗಿತ್ತು. ಕಾರಣ ಮಿಲ್ಕಾಬಾಯಿಯ ಅವಲಕ್ಕಿ. ಹರಕೆ ತೀರಿದಾಗ ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ಅವರು ಮಲಿದಾ ಮಾಡುತ್ತಾರೆ. ನೆನೆಸಿದ ಅವಲಕ್ಕಿಗೆ ಬೆಲ್ಲ, ತೆಂಗಿನತುರಿ ಕಲಸಿ, ಮೇಲೆ ಹಣ್ಣುಗಳನ್ನಿಟ್ಟ ತಾಟು. ಮಿಲ್ಕಾಬಾಯಿಯ ಮನೆಯ ಒಂದು ಮಲಿದಾದಲ್ಲಿ, ಎಲ್ಲರೂ ಎಲಿಯಾಹುವಿನ ಹಾಡು ಮುಗಿಸಿ ತಾಟಿಗೆ ಕೈಯಿಟ್ಟಾಗ, ರಿಬ್ಕಾಬಾ‌ಯಿ ಒಂದು ತುತ್ತು ಬಾಯಿಗಿಟ್ಟು, "ಪ್ರವಾದಿಗೆ ಹಲ್ಲಿಲ್ಲ ಅಂತ ತಿಳ್ಕೊಂಡ್ರೇನು?" ಎಂದಿದ್ದರು. ಅವಲಕ್ಕಿ ಗಂಜಿಯಾಗಿತ್ತು. ಮಿಲ್ಕಾಬಾಯಿ ಆಗಿಲ್ಲವೆಂದರು. ಅಲ್ಲಿಂದ ಇಬ್ಬರಿಗೂ ಮಾತಿಲ್ಲ.

ಸೋಮವಾರ ಸಂಜೆ ಮಿಲ್ಕಾಬಾಯಿ ನನ್ನ ಕಚೇರಿಗೆ ಬಂದರು. "ಅಕಿ ಮನೀಗೆ ಹೋಗ್ತೀನಿ. ನೀವೂ ಬರ್ರಿ. ಎರಡ ಹೆಂಗಸೂರು ಎದುರಾ ಬದುರಾ ನಿಲ್ಲೂ ಮುಂದ ನಡುವ ಒಂದ ಸರ್ಕಾರಿ ಮನಷ್ಯಾ ಇದ್ರ ಚಲೋ." ನಿಯಮಾವಳಿಯಲ್ಲಿ ಇದಕ್ಕೆ ಅವಕಾಶವಿರಲಿಲ್ಲ. ನಿಷೇಧವೂ ಇರಲಿಲ್ಲ. ಹೊರಟೆ.

ಬಾಗಿಲು ತೆರೆದ ರಿಬ್ಕಾಬಾಯಿ ನನ್ನನ್ನು ಮಾತ್ರ ನೋಡಿದರು. "ಬರ್ರಿ ಸಾಹೇಬ್ರ, ಕೂಡ್ರಿ. ನಿಮ್ಮ ಹಿಂದ ಯಾರೋ ನಿಂತಂಗ ಅದ."

"ನಾನ, ಮಿಲ್ಕಾ."

"ಹೆಸರು ಎಲ್ಲೋ ಕೇಳಿದಂಗ ಅದ."

ಕುರ್ಚಿ ನನಗೆ ಸಿಕ್ಕಿತು. ಮಿಲ್ಕಾಬಾಯಿ ನಿಂತೇ ವಿಷಯ ಹೇಳಿದರು. ಒಳಗಿನ ಕೋಣೆಯಲ್ಲಿ ಬನ್ನಾಜಿಯವರ ಚಪ್ಪಲಿಯ ಸದ್ದು ಒಂದು ಸಲ ಬಾಗಿಲವರೆಗೆ ಬಂದು ಹಿಂದಕ್ಕೆ ಹೋಯಿತು. ರಿಬ್ಕಾಬಾಯಿ ಎಲ್ಲವನ್ನೂ ಕೇಳಿ, ಎಲೆಗೆ ಸುಣ್ಣ ಹಚ್ಚಿದರು.

"ಬರ್ತೀನಿ. ಹಸಾಜಿ ಭಾವ ನಂಗ ಒಂದ ಕೆಟ್ಟ ಮಾತ ಆಡಿದವರಲ್ಲ. ಆದ್ರ ಆವತ್ತಿನ ಅವಲಕ್ಕಿ ಗಂಜಿ ಆಗಿತ್ತು ಅಂತ ನೀ ನಿನ್ನ ಬಾಯಿಲೆ ಅನಬೇಕು. ಸಾಹೇಬ್ರ ಮುಂದ."

ಗಂಡ ಸತ್ತ ಹೆಂಗಸಿಗೆ ಹಾಕುವ ಷರತ್ತೇ ಇದು ಎಂದು ನನಗೆ ಸಿಟ್ಟು ಬಂತು. ಆದರೆ ನನ್ನ ಸಿಟ್ಟಿಗೂ ಅಧ್ಯಕ್ಷರ ಆಮೆನ್ನಿಗೂ ತೂಕ ಒಂದೇ. ಮಿಲ್ಕಾಬಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಗಂಜಿ ಆಗಿತ್ತು" ಎಂದರು. "ನಾ ನೆನಸಿದ್ದಲ್ಲ ಅದು. ಆವತ್ತ ನಂಗ ಸೊಂಟ ಹಿಡಕೊಂಡಿತ್ತು, ಏಳಾಕ ಆಗ್ಲಿಲ್ಲ. ಇವ್ರ ನೆನಸಿದ್ರು. ಛತ್ರಿ ಹೊಲಿಯೋ ಕೈ, ಅವಲಕ್ಕಿ ಅಂದ್ರೇನು ತಿಳೀತದ? ಗಂಡಸು ಅಡಿಗಿಮನ್ಯಾಗ ಕೈ ಹಾಕ್ಯಾನ ಅಂದ್ರ ಮಂದಿ ನಗ್ತಾರ, ಹೇಳಬ್ಯಾಡ ಅಂದ್ರು. ಹೇಳ್ಲಿಲ್ಲ."

"ಇಪ್ಪತ್ತ ವರ್ಷ?"

"ಹೇಳಬ್ಯಾಡ ಅಂದಿದ್ರಲ್ಲ."

ರಿಬ್ಕಾಬಾಯಿಯ ಕೈಯಲ್ಲಿ ಎಲೆ ಹಾಗೇ ಉಳಿಯಿತು. "ಎಷ್ಟ ನೀರ ಹಾಕಿದ್ರು?"

"ಕೊಡಾ."

"ಕೊಡಾನಾ!" ಎಂದು ರಿಬ್ಕಾಬಾಯಿ ನಗಲು ಹೋದರು. ನಗು ನಡುವೆಯೇ ಮುರಿದು ಸೆರಗು ಬಾಯಿಗೆ ಹೋಯಿತು. ಮಿಲ್ಕಾಬಾಯಿಗೆ ಆ ಹೊತ್ತಿಗೆ ಕೂರಲು ಜಾಗ ಸಿಕ್ಕಿತ್ತು, ರಿಬ್ಕಾಬಾಯಿಯ ಪಕ್ಕದಲ್ಲೇ. ನಡುವೆ ಇದ್ದ ಸರ್ಕಾರಿ ಮನುಷ್ಯನಿಗೆ ಯಾರೂ ಚಹಾ ಕೇಳಲಿಲ್ಲ.

ಮೂವತ್ತನೆಯ ದಿನ ಶುಕ್ರವಾರ ಬಿತ್ತು. ಬೆಳಗ್ಗೆ ನಾನು ಹೋದಾಗ ಮಹಡಿಯ ಮೇಲೆ ಜಾಲರಿಯ ಹಿಂದೆ ಇಬ್ಬರು ಅವಲಕ್ಕಿಯ ವಿಷಯವನ್ನೇ ಪಿಸುಗುಟ್ಟುತ್ತಿದ್ದರು. ಬನ್ನಾಜಿ ಮಾತು ಕೊಟ್ಟಂತೆ ಮೇಲೆ ನೋಡಲಿಲ್ಲ. ಕತ್ತು ಉಳುಕಿದವರ ಹಾಗೆ ತಮ್ಮ ಕಾಲ್ಬೆರಳುಗಳನ್ನೇ ದಿಟ್ಟಿಸುತ್ತಿದ್ದರು. ಎಲ್ಲೋಜಿ ಎದ್ದು ಸ್ತುತಿ ಶುರುಮಾಡಿದ. ಮೊದಲ ಪದಕ್ಕೆ ಎದೆ ಮುಟ್ಟಿಕೊಂಡ. ಏಳು ಜನರ ಕಡೆ ಕೈಮಾಡಿದ. ಒಂಬತ್ತನೆಯ ಪದಕ್ಕೆ ಒಂದು ಕ್ಷಣ ಮುಕದಮರ ಮುಖ ನೋಡಿ, ಎದೆ ಮುಟ್ಟಿಕೊಂಡ. ಹತ್ತನೆಯ ಪದಕ್ಕೆ ಇನ್ನೊಮ್ಮೆ ಮುಟ್ಟಿಕೊಂಡ.

"ತುಂಬ್ತು" ಎಂದ.

"ತುಂಬ್ತು" ಎಂದರು ಬನ್ನಾಜಿ, ಒತ್ತಿ. ಪದ್ಧತಿಗೆ ಎಲ್ಲಿಯೂ ಚ್ಯುತಿ ಬರಲಿಲ್ಲ.

ಮೊದಲು ಸ್ಮರಣೆಯಾಯಿತು. ಎಲ್ಲೋಜಿ ಸತ್ತವರ ಹೀಬ್ರೂ ಹೆಸರು ಹಿಡಿದು, "ಯೆಹೆಜ್ಕೇಲ್ ಬೆನ್ ಶೆಮುವೇಲ್", ಶೆಮುವೇಲನ ಮಗ ಯೆಹೆಜ್ಕೇಲ್ ಎಂದು ಕರೆದ. ಛತ್ರಿ ಹಸಾಜಿಗೆ ಇಂಥ ಹೆಸರಿತ್ತೆಂದು ನನಗೆ ಗೊತ್ತಿರಲಿಲ್ಲ. ಆಮೇಲೆ ಕದ್ದೀಶ್. ಅರ್ಥವಾಗದ ಆ ಮಾತುಗಳು ಒಂದರ ಹಿಂದೊಂದು ಹೋಗಿ, ಒಂದು ಕಡೆ ಎಲ್ಲೋಜಿಯ ದನಿ ನಿಂತಿತು. ಸಭೆ ಆಮೆನ್ ಎಂದಿತು.

ಟಣ್ ಎಂದು ಒಂದು, ಆಮೇಲೆ ಚೆಲ್ಲಿದಂತೆ ಉಳಿದವು. ಬೆಂಚಿನ ಕೆಳಗೆ, ಚಪ್ಪಲಿಗಳ ನಡುವೆ. ಎಲ್ಲೋಜಿ ಪ್ರಾರ್ಥನೆ ಮುಂದುವರಿಸಿದ. ಐದನೆಯ ಆಮೆನ್ ಆದ ಮೇಲೆ ಬನ್ನಾಜಿ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿ, "ಇವತ್ತ ಹವಾ ಚಲೋ ಅದ" ಎಂದರು.

ಮಧ್ಯಾಹ್ನ, ಸೂರ್ಯ ಮುಳುಗಿ ಸಬ್ಬತ್, ಅಂದರೆ ಅವರ ವಾರದ ವಿಶ್ರಾಂತಿಯ ದಿನ, ಶುರುವಾಗುವ ಮೊದಲೇ ಮುಗಿಸಬೇಕೆಂದು ಎಲ್ಲರೂ ಸಮುದ್ರದ ಕಡೆಯ ಗೋರಿಗಳಿಗೆ ಹೊರಟೆವು. ಮಿಲ್ಕಾಬಾಯಿ ನನಗೆ ತಕ್ಕಡಿ ತರಲು ಹೇಳಿದ್ದರು. ಏಕೆಂದು ಹೇಳಿರಲಿಲ್ಲ.

"ಆ ಹೆಸರು ನಾ ಕೇಳಿದ್ದು ಮದುವಿ ದಿನಾ ಒಮ್ಮೆ, ಇವತ್ತ ಒಮ್ಮೆ" ಎಂದರು ದಾರಿಯಲ್ಲಿ. "ಯಾರೋ ದೊಡ್ಡ ಮನಷ್ಯಾ ಸತ್ತಂಗ ಆತು."

"ಛತ್ರಿ ಹಸಾಜಿ ಅಂದಿದ್ರ ದೇವ್ರಿಗೆ ಗುರುತ ಸಿಗತಿರ್ಲಿಲ್ಲೇನು?" ಎಂದರು ರಿಬ್ಕಾಬಾಯಿ.

"ಸಿಗತಿತ್ತು. ಮರ್ಯಾದಿ ಬ್ಯಾಡೇನ?"

ಗೋರಿಯ ಮರಳು ಇನ್ನೂ ಹೊಸದು. ಎಲ್ಲೋಜಿ ಚೀಲ ಬಿಚ್ಚಿ ಆಮೆನ್‌ಗಳನ್ನು ಒಂದೊಂದಾಗಿ, ತಲೆಯ ಕಡೆಯಿಂದ ಸಾಲಾಗಿ ಇಟ್ಟ. ಎಲ್ಲ ಇಟ್ಟಾದ ಮೇಲೆ ಬನ್ನಾಜಿ, "ಆತಲ್ಲ, ನಡೀರಿ, ದೀಪಾ ಹಚ್ಚೂ ಹೊತ್ತಾತು" ಎಂದರು.

"ತಡೀರಿ" ಎಂದರು ಮಿಲ್ಕಾಬಾಯಿ. ಸೆರಗಿನ ತುದಿಯ ಗಂಟು ಬಿಚ್ಚಿದರು. ಒಳಗೆ ಹಳೆಯ ದಂತದ ಬಣ್ಣದ ಒಂದು ಹಿಡಿ. "ಇವು ಮ್ಯಾಲಿನವು. ನನ್ನ ಐದು, ರಿಬ್ಕಾನ ಐದು. ಜಾಲರಿಂದ ಕೆಳಗ ಬೀಳಾಕ ಬಿಡ್ಲಿಲ್ಲ, ಸೆರಗ ಒಡ್ಡಿ ಹಿಡಿದ್ವಿ. ಬಿಟ್ಟಿದ್ರ ಎಲ್ಲೋಜಿ ಕಸಬರಗಿ ಹಚ್ಚಿ ನಿಮ್ಮ ಆಮೆನ್ನಿನಾಗ ಕೂಡಸ್ತಿದ್ದ. ತೂಗ್ರಿ ಸಾಹೇಬ್ರ. ಮುಕದಮ್‌ರ ಎದುರಿಗೆ ತೂಗ್ರಿ."

"ತೂಗೂದ್ಯಾಕ ಈಗ?" ಎಂದರು ಬನ್ನಾಜಿ.

"ಸುಮ್ಮನ ನಿಂದರ್ರಿ" ಎಂದರು ಅವರ ಹೆಂಡತಿ.

ಪೆಟ್ಟಿಗೆಯ ಮೇಲೆ ತಕ್ಕಡಿ ನಿಲ್ಲಿಸಿದೆ. ಸಮುದ್ರದ ಗಾಳಿಗೆ ಮುಳ್ಳು ನಿಲ್ಲುತ್ತಿರಲಿಲ್ಲ. ರಿಬ್ಕಾಬಾಯಿ ಬಂದು ಗಾಳಿಗೆ ಬೆನ್ನು ಮಾಡಿ ಅಡ್ಡ ನಿಂತರು. ಬನ್ನಾಜಿ ಅಲೆಗಳನ್ನು ನೋಡುತ್ತಿದ್ದರು, ಆದರೆ ಕಿವಿ ಈ ಕಡೆಗಿತ್ತು. ಒಂದೊಂದೇ ಬಟ್ಟು ಇಟ್ಟೆ, ತೆಗೆದೆ, ಮತ್ತೆ ಇಟ್ಟೆ. ಮುಳ್ಳು ನಡುವಿಗೆ ಬಂದು ನಿಂತಿತು.

"ಎಷ್ಟ್ರಿ?" ಎಂದರು ಮಿಲ್ಕಾಬಾಯಿ.

"ನಲವತ್ತೊಂದು ಗ್ರಾಂ. ಕೆಳಗಿನವರ ಯಾವ ಹತ್ತು ಆಮೆನ್ ಇಟ್ಟರೂ ಇಷ್ಟೇ."